ಹಳೇ ಕಂಪ್ಯೂಟರಿಗೆ ಹಳೇ ವಿಂಡೋಸ್ ಕೊಳ್ಳುವ ಮುನ್ನ

ಹೇಮಗಿರಿ ದನದ ಜಾತ್ರೆಯಲ್ಲಿ ಹಲ್ಲು, ಸುಳಿ ನೋಡದೆ ನಾವು ಎತ್ತು ಹಿಡಿಯೋದಿಲ್ಲ. ಹಳೇ ಕಂಪ್ಯೂಟರಿಗೆ ವಿಂಡೋಸ್ ಕೊಳ್ಳುವಾಗ ಮಾತ್ರ ಸೀಡಿ ಕೈಗೆ ಬಂತು ಅಂದ್ರೆ ದುಡ್ಡು ಎಣಿಸಿಬಿಡ್ತೀವಿ.

ಸೀಡಿಗೆ ಬೆಲೆಯಿಲ್ಲ. ಬೆಲೆ ಇರೋದು ಬಳಸುವ ಹಕ್ಕಿಗೆ, ಅಂದರೆ ಲೈಸೆನ್ಸಿಗೆ. ಯಂತ್ರದ ಜೊತೆಗೇ ಕಂಪನಿ ಹಾಕಿಕೊಟ್ಟ ವಿಂಡೋಸ್, ಕರಾರಿನಂತೆ ಆ ಯಂತ್ರಕ್ಕೇ ಸೇರಿದ್ದು. ಬಿಡಿಯಾಗಿ ಮಾರುವ ಹಾಗಿಲ್ಲ. ಎಕ್ಸ್‌ಪಿ, ಏಳನೇ ವಿಂಡೋಸ್ ಕಾಲದ ಯಂತ್ರಗಳಲ್ಲಿ ಡಬ್ಬದ ಪಕ್ಕ ಅಥವಾ ಲ್ಯಾಪ್‌ಟಾಪಿನ ತಳದಲ್ಲಿ 25 ಅಕ್ಷರ-ಅಂಕಿಗಳ ಚೀಟಿ ಅಂಟಿಸಿರ್ತಾರೆ. ನಿಮ್ಮ ಯಂತ್ರದಲ್ಲಿ ಅದು ಇದ್ದರೆ ಅದೇ ವಿಂಡೋಸನ್ನು ಮತ್ತೆ ಕೊಳ್ಳಬೇಕಿಲ್ಲ. ಯಾರಾದರೂ ಚೀಟಿ ಕಿತ್ತು ಮಾರಲು ಬಂದರೆ ಬೇಡ ಅನ್ನಿ. ಒಂದು ಹಸುವಿನ ಕಿವಿಯೋಲೆ ಇನ್ನೊಂದಕ್ಕೆ ಹಾಕಿದರೆ ವಿಮೆ ಬರುತ್ತದೆಯೇ? ಅಂಗಡಿಯಲ್ಲಿ ಪೆಟ್ಟಿಗೆ ಸಮೇತ ಬಿಡಿಯಾಗಿ ಕೊಂಡಿದ್ದಾದರೆ ಕೈ ಬದಲಾಗಬಹುದು, ಆದರೆ ಮಾರುವವನು ತನ್ನ ಯಂತ್ರದಿಂದ ಅದನ್ನು ತೆಗೆದಿರಬೇಕು.

ವಯಸ್ಸೂ ಕೇಳಿ. ಎಕ್ಸ್‌ಪಿಗೆ 2014ರಲ್ಲಿ, ಏಳಕ್ಕೆ 2020ರಲ್ಲಿ, ಹತ್ತಕ್ಕೆ 2025ರ ಅಕ್ಟೋಬರಲ್ಲಿ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಮುಗಿಯಿತು. ಹಾಲಿನ ಲೆಕ್ಕ ಬರೆಯೋಕೆ, ಅರ್ಜಿ ಟೈಪ್ ಮಾಡೋಕೆ ಎಕ್ಸ್‌ಪಿ ಸಾಕು. ಅದರಲ್ಲಿ ಇಂಟರ್ನೆಟ್ಟು, ಬ್ಯಾಂಕು ಬೇಡವೇ ಬೇಡ.

ನನ್ನ ಕೇಳಿದರೆ, 2 ಜಿಬಿ ರ್‍ಯಾಮ್ ಇರುವ 64 ಬಿಟ್ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿಸಿ, ಬಿಟ್ಟಿ. 4 ಜಿಬಿ ಇದ್ದರೆ ಹಗುರಾಗಿ ಓಡುತ್ತದೆ. ಕನ್ನಡವೂ ಬರೆಯಬಹುದು. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ಪ್ರಿಂಟರ್ ಹಿಡಿಯುತ್ತೋ ಇಲ್ಲವೋ ತಿಳಿಯಿರಿ. ಹಾಕಿಸೋ ಮೊದಲು ಹಳೇ ಲೆಕ್ಕ, ಫೋಟೋ ಎಲ್ಲ ಬೇರೆ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ಡಿಸ್ಕ್ ಅಳಿಸಿದರೆ ಅವೂ ಹೋಗ್ತವೆ.