ಎಂಬತ್ತು ವರ್ಷದ ಮರಕ್ಕೆ ಯಾವ ಊರಿನ ಬೀಜ?

ಮಕ್ಕಳೇ, ರಾಗಿ ಬಿತ್ತಿದರೆ ಸುಮಾರು ನಾಲ್ಕು ತಿಂಗಳಲ್ಲಿ ಫಸಲು ಕೈಗೆ ಬರುತ್ತದೆ. ತಳಿ ಸರಿಹೋಗಲಿಲ್ಲವೆಂದರೆ ಮುಂದಿನ ವರ್ಷ ಬೇರೆಯದನ್ನು ಬಿತ್ತಬಹುದು. ಆದರೆ ಕಾಡಿನಲ್ಲಿ ಇಂದು ನೆಟ್ಟ ಸಸಿ ಬಲಿಯಲು ಎಂಬತ್ತು ವರ್ಷ ಬೇಕಾಗಬಹುದು. ಅಷ್ಟರಲ್ಲಿ ಹವಾಗುಣವೇ ಬದಲಾದರೆ? ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಅರಣ್ಯಾಧಿಕಾರಿಗಳಿಗೆ ಈ ಪ್ರಶ್ನೆ ನಿಜವಾಗಿಯೇ ಎದುರಾಯಿತು.

ಅಲ್ಲಿ ಲಾಡ್ಜ್‌ಪೋಲ್ ಪೈನ್ ಎಂಬ ಮರದ ದೊಡ್ಡ ಕಾಡುಗಳಿವೆ. ಅಕ್ಕಿಕಾಳಿನಷ್ಟೇ ಇರುವ ಒಂದು ದುಂಬಿ ಅದರ ತೊಗಟೆ ಕೊರೆದು ಮೊಟ್ಟೆಯಿಡುತ್ತದೆ. ಮರಿಹುಳುಗಳು ತೊಗಟೆಯ ಒಳಪದರವನ್ನು ತಿನ್ನುತ್ತವೆ. ದುಂಬಿಯೊಡನೆ ಬಂದ ಶಿಲೀಂಧ್ರವು ಮರದೊಳಗೆ ನೀರು ಏರುವ ದಾರಿಯನ್ನು ಮುಚ್ಚುತ್ತದೆ. ಮರುವರ್ಷ ಎಲೆಗಳೆಲ್ಲ ಕೆಂಪಾಗುತ್ತವೆ. ಅಷ್ಟರಲ್ಲಿ ಮರ ಸತ್ತಿರುತ್ತದೆ.

ಈ ದುಂಬಿ ಹೊಸಬನೇನಲ್ಲ. ಹಿಂದೆ ಅದಕ್ಕೆ ಚಳಿಗಾಲವೇ ಲಗಾಮು ಹಾಕುತ್ತಿತ್ತು. ಸುಮಾರು -40 ಡಿಗ್ರಿ ಸೆಲ್ಸಿಯಸ್ ಚಳಿ ಕೆಲವು ದಿನ ನಿಂತರೆ ಮರಿಹುಳುಗಳು ಸಾಯುತ್ತಿದ್ದವು. (ಅದಕ್ಕಿಂತ ಕಡಿಮೆ ಚಳಿಯನ್ನು ಅವು ಮೈಯಲ್ಲಿರುವ ಗ್ಲಿಸರಾಲ್‌ನ ಬಲದಿಂದ ತಡೆದುಕೊಳ್ಳುತ್ತವೆ!) ಅಂಥ ಕೊರೆಯುವ ಚಳಿ ಅಪರೂಪವಾದಾಗ, 1990ರ ದಶಕದಿಂದ ದುಂಬಿಗಳು ಮಿತಿಮೀರಿದವು. ಕಾಳ್ಗಿಚ್ಚನ್ನು ದಶಕಗಳ ಕಾಲ ನಂದಿಸುತ್ತ ಬಂದಿದ್ದರಿಂದ ಕಾಡಿನಲ್ಲಿ ಬಲಿತ ಪೈನ್‌ಗಳೂ ಹೇರಳವಾಗಿದ್ದವು. ದುಂಬಿಗೆ ಅದೇ ಹಬ್ಬದೂಟ. ಕೊನೆಗೆ 180 ಲಕ್ಷ ಹೆಕ್ಟೇರ್‌ಗಿಂತ ಹೆಚ್ಚು ಕಾಡು ಪೀಡೆಗೆ ಸಿಕ್ಕಿತು. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ ಸುಮಾರು 192 ಲಕ್ಷ ಹೆಕ್ಟೇರ್. ಹೋಲಿಸಿ ನೋಡಿ.

ಸತ್ತ ಕಾಡಿನ ಜಾಗದಲ್ಲಿ ಮತ್ತೆ ಏನು ನೆಡಬೇಕು? ಹತ್ತಿರದ ಕಾಡಿನ ಬೀಜವೇ ಉತ್ತಮ ಎಂಬುದು ಹಳೆಯ ನಿಯಮ. ಅದು ಒಳ್ಳೆಯ ನಿಯಮವೇ, ಆದರೆ ಹವಾಗುಣ ಬದಲಾಗದಿದ್ದರೆ ಮಾತ್ರ. ಹಾಗಾದರೆ ಬೆಚ್ಚಗಿನ ದಕ್ಷಿಣದಿಂದ ಬೀಜ ತಂದರಾಯಿತಲ್ಲ ಎನ್ನುವಿರಾ? ತಾಳಿ. ಆ ಮರ ಮುದಿಯಾಗುವಾಗ ಸೆಕೆ ಹೆಚ್ಚಿರಬಹುದು, ಆದರೆ ಅದು ಎಳೆಯ ಸಸಿಯಾಗಿರುವುದು ಇಂದಿನ ಚಳಿಯಲ್ಲಿ! ಬಹಳ ದೂರದ ಬೀಜ ತಂದರೆ ಸಸಿ ಹಿಮಕ್ಕೆ ಸುಟ್ಟುಹೋಗುತ್ತದೆ. ತೀರ ಹತ್ತಿರದ್ದಾದರೆ ಮುಂದೆ ಸೊರಗುತ್ತದೆ.

ಎಷ್ಟು ದೂರ ಸರಿ ಎಂದು ತಿಳಿಯಲು 2009ರಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ಕೆನಡಾದ ಯೂಕಾನ್‌ನಿಂದ ಅಮೆರಿಕದ ಕ್ಯಾಲಿಫೋರ್ನಿಯಾದವರೆಗೆ 48 ಸ್ಥಳಗಳಲ್ಲಿ 15 ಜಾತಿಯ ಮರಗಳ ಸಸಿ ನೆಟ್ಟು, ಯಾವ ಊರಿನ ಬೀಜ ಎಲ್ಲಿ ಚೆನ್ನಾಗಿ ಬೆಳೆಯುತ್ತದೆಂದು ಅಳೆಯತೊಡಗಿದರು. 2018ರಲ್ಲಿ ಆ ಪ್ರಾಂತ್ಯ ಹೊಸ ಪದ್ಧತಿಯನ್ನು ಜಾರಿಗೆ ತಂದಿತು. ಬೀಜ ಹುಟ್ಟಿದ ಸ್ಥಳದ ಹವಾಗುಣವು ನೆಡುವ ಸ್ಥಳದ ಹವಾಗುಣಕ್ಕೆ ಹೊಂದುತ್ತದೆಯೇ ಎಂದು ನೋಡಿ ಆರಿಸುವ ಪದ್ಧತಿ ಅದು. ಹೆಜ್ಜೆ ಮಾತ್ರ ಚಿಕ್ಕದೇ.

ಮಾಡಿ ನೋಡಿ: ಶಾಲೆಯ ಬಳಿಯ ಒಂದು ಹೊಂಗೆ ಅಥವಾ ಮಾವಿನ ಮರವನ್ನು ಆರಿಸಿಕೊಳ್ಳಿ. ಎಲೆ ಉದುರಿದ, ಚಿಗುರಿದ, ಹೂ ಬಿಟ್ಟ ದಿನಾಂಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏಳನೆಯ ತರಗತಿ ಮುಗಿಸಿ ಹೋಗುವಾಗ ಆ ಪುಸ್ತಕವನ್ನು ಆರನೆಯವರ ಕೈಗೆ ಕೊಡಿ.