ಹಳೆಯ ಕಂಠ, ಹೊಸ ಗಾನ

ಮೋಟಾರು ವಾಹನವು ಮನುಷ್ಯನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಯಂತ್ರ ಮಾತ್ರವಲ್ಲ; ತಾನು ಹುಟ್ಟಿದ ಕಾಲದ ಅಭಿರುಚಿಯನ್ನೂ ಕೈಚಳಕವನ್ನೂ ಮುಂದಿನ ಪೀಳಿಗೆಗೆ ತಲುಪಿಸುವ ಸಾಧನವೂ ಹೌದು. ಐವತ್ತು ಅರವತ್ತು ವರ್ಷಗಳ ಹಿಂದಿನ ಕಾರಿನೊಳಗೆ ಕುಳಿತವರ ದೃಷ್ಟಿ ಎದುರಿನ ಫಲಕದ ನಡುವೆ ಇರುವ ರೇಡಿಯೊದ ಮೇಲೆ ನಿಲ್ಲದೆ ಇರದು. ಎರಡು ತಿರುಗುಗುಂಡಿಗಳು, ಅವುಗಳ ನಡುವೆ ಹಲ್ಲಿನ ಸಾಲಿನಂತೆ ಕೆಲವು ಒತ್ತುಗುಂಡಿಗಳು, ಅಂಕಿಗಳ ಮೇಲೆ ಸರಿಯುವ ಒಂದು ಮುಳ್ಳು - ಇಷ್ಟೇ ಅದರ ವೈಭವ. ಇಂದು ಅದರ ಒಡೆಯನ ಕಿಸೆಯಲ್ಲಿರುವ ಮೊಬೈಲ್ ಫೋನಿನಲ್ಲಿ ಸಾವಿರಾರು ಹಾಡುಗಳು ಅಡಗಿವೆ. ಆ ಹಾಡುಗಳು ಈ ಹಳೆಯ ಕಂಠದಿಂದ ಹೊರಡುವುದು ಹೇಗೆ? ಹಳೆಯದನ್ನು ಕಿತ್ತೆಸೆಯಬೇಕೆ, ಇಲ್ಲವೆ ಅದರಲ್ಲಿಯೇ ಹೊಸದಕ್ಕೆ ದಾರಿ ಮಾಡಿಕೊಡಬೇಕೆ?

ಕಾರಿನೊಳಗೆ ಸಂಗೀತವನ್ನು ತರಲು ಮನುಷ್ಯನು ಪಟ್ಟ ಶ್ರಮ ಸಣ್ಣದಲ್ಲ. 1930ರಲ್ಲಿ ಅಮೆರಿಕದ ಶಿಕಾಗೊ ನಗರದ ಗ್ಯಾಲ್ವಿನ್ ಸಂಸ್ಥೆಯು ‘ಮೋಟೊರೋಲ’ ಎಂಬ ಹೆಸರಿನಲ್ಲಿ ಕಾರಿನ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. ಆಗಿನ ರೇಡಿಯೊಗಳು ನಿರ್ವಾತ ಕೊಳವೆಗಳಿಂದ ಕೆಲಸ ಮಾಡುತ್ತಿದ್ದವು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1955ರಲ್ಲಿ ಅದನ್ನೇ ಬಳಸಿದ ರೇಡಿಯೊ ಕ್ರೈಸ್ಲರ್ ಸಂಸ್ಥೆಯ ಕಾರಿನಲ್ಲಿ ಕಾಣಿಸಿಕೊಂಡಿತು. ಅದೇ ಸಂಸ್ಥೆಯು 1956ರ ಕಾರುಗಳಲ್ಲಿ ಗ್ರಾಮಫೋನನ್ನೂ ಇರಿಸಿ ನೋಡಿತು. ಆದರೆ ಆ ಪ್ರಯೋಗ ಬಹುಕಾಲ ಬಾಳಲಿಲ್ಲ. 1963ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯು ಪುಟ್ಟ ಕ್ಯಾಸೆಟ್ಟನ್ನು ಹೊರತಂದ ಮೇಲೆ, ಬೇಕಾದ ಹಾಡನ್ನು ಬೇಕಾದಾಗ ಕೇಳುವ ಸೌಭಾಗ್ಯ ಪಯಣಿಗನಿಗೆ ಸುಲಭವಾಗಿ ದೊರೆಯಿತು.

1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಮಾರಾಟಕ್ಕೆ ಬಂದಾಗ ಸಂಗೀತದ ರೂಪವೇ ಬದಲಾಯಿತು. ಈ ಹೊಸ ವಿಧಾನದಲ್ಲಿ ಧ್ವನಿಯ ಅಲೆಯನ್ನು ಒಂದು ಸೆಕೆಂಡಿಗೆ 44,100 ಬಾರಿ ಅಳೆದು, ಆ ಅಳತೆಗಳನ್ನು ಅಂಕಿಗಳಾಗಿ ಬರೆದಿಡುತ್ತಾರೆ. ಹಳೆಯ ರೇಡಿಯೊಗೆ ಈ ಅಂಕಿಗಳ ಭಾಷೆ ತಿಳಿಯದು. ಏರಿಳಿಯುವ ವಿದ್ಯುತ್ ಅಲೆಯೊಂದೇ ಅದಕ್ಕೆ ಗೊತ್ತು. ಹಾಗೆಂದು ನಿರಾಶರಾಗಬೇಕಾಗಿಲ್ಲ. ಕಿವಿಯು ಕೇಳುವುದೂ ಅಲೆಯನ್ನೇ ಹೊರತು ಅಂಕಿಯನ್ನಲ್ಲ. ಆದುದರಿಂದ ಎಂತಹ ಹೊಸ ಯಂತ್ರವೂ ಕೊನೆಗೆ ಅಂಕಿಗಳನ್ನು ಅಲೆಯಾಗಿ ಮಾರ್ಪಡಿಸಲೇಬೇಕು. ಹಾಗೆ ಮಾರ್ಪಟ್ಟ ಅಲೆಯು ರೇಡಿಯೊದೊಳಗೆ ಪ್ರವೇಶಿಸಲು ಒಂದು ಬಾಗಿಲು ದೊರೆತರೆ ಸಾಕು.

ಅಂತಹ ಬಾಗಿಲುಗಳು ಮುಖ್ಯವಾಗಿ ಮೂರು. ಮೊದಲನೆಯದು ಆಕಾಶಮಾರ್ಗ. ಅಂಗೈಯಲ್ಲಿ ಅಡಗುವ ಪ್ರಸಾರಕವೊಂದು ಫೋನಿನ ಹಾಡನ್ನು ಎಫ್.ಎಂ. ಅಲೆಯ ಮೇಲೇರಿಸಿ ಕೆಲವೇ ಅಡಿಗಳ ದೂರಕ್ಕೆ ಕಳುಹಿಸುತ್ತದೆ. ರೇಡಿಯೊ ಅದನ್ನು ಒಂದು ನಿಲಯವೆಂದೇ ಭಾವಿಸಿ ನುಡಿಸುತ್ತದೆ. ಆದರೆ ಭಾರತದಲ್ಲಿ ಎಫ್.ಎಂ. ಪ್ರಸಾರ ಆರಂಭವಾದದ್ದು 1977ರಲ್ಲಿ, ಮದರಾಸಿನಲ್ಲಿ. ಅದಕ್ಕೂ ಹಿಂದಿನ ಕಾಲದ, ಮಧ್ಯಮ ತರಂಗವನ್ನು ಮಾತ್ರ ಬಲ್ಲ ರೇಡಿಯೊಗಳಿಗೆ ಈ ಬಾಗಿಲು ಮುಚ್ಚಿದ್ದೇ ಸರಿ.

ಎರಡನೆಯದು ಕ್ಯಾಸೆಟ್ಟಿನ ಬಾಗಿಲು. ಇದರ ಹಿಂದಿರುವ ತತ್ತ್ವ ಸೊಗಸಾದದ್ದು. ನಿಜವಾದ ಕ್ಯಾಸೆಟ್ಟಿನಲ್ಲಿ ಕಾಂತೀಯ ಪಟ್ಟಿಯು ಸೆಕೆಂಡಿಗೆ ಸುಮಾರು 4.8 ಸೆಂಟಿಮೀಟರ್ ವೇಗದಲ್ಲಿ ಯಂತ್ರದ ಶಿರದ ಮುಂದೆ ಸರಿಯುತ್ತದೆ. ಪಟ್ಟಿಯ ಮೇಲಿನ ಕಾಂತಶಕ್ತಿಯ ಏರಿಳಿತವು ಶಿರದ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಪ್ರೇರಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿಯೇ ತೋರಿಸಿದ್ದನು. ಹೊಸ ಸಾಧನವು ಕ್ಯಾಸೆಟ್ಟಿನ ಆಕಾರದಲ್ಲಿದ್ದರೂ ಅದರೊಳಗೆ ಹಾಡಿನ ಪಟ್ಟಿಯಿಲ್ಲ. ಇನ್ನೊಂದು ಪುಟ್ಟ ಶಿರವಿದೆ. ಫೋನಿನ ಅಲೆ ಅದರಲ್ಲಿ ಹರಿದಾಗ ಎದುರಿನ ಶಿರವು ಎಂದಿನಂತೆ ವಿದ್ಯುತ್ತಾಗಿ ಅದನ್ನು ಸ್ವೀಕರಿಸುತ್ತದೆ. ಯಂತ್ರಕ್ಕೆ ಒಂದು ಗೀರೂ ಬೀಳುವುದಿಲ್ಲ.

ಮೂರನೆಯದು ನೇರ ತಂತಿಯ ಬಾಗಿಲು. ರೇಡಿಯೊದೊಳಗೆ ಧ್ವನಿಯ ಪ್ರಮಾಣವನ್ನು ನಿಯಂತ್ರಿಸುವ ಭಾಗದ ಬಳಿ ತಂತಿಯನ್ನು ಬೆಸೆದರೆ ನಾದ ಶುದ್ಧವಾಗಿ ಬರುತ್ತದೆ. ಆದರೆ ಇದು ಬಲ್ಲವರ ಕೆಲಸ. ನಿರ್ವಾತ ಕೊಳವೆಯ ರೇಡಿಯೊಗಳಲ್ಲಿ ನೂರಕ್ಕೂ ಹೆಚ್ಚು ವೋಲ್ಟಿನ ಅಪಾಯಕಾರಿ ವಿದ್ಯುತ್ ಇರಬಹುದು. ಅಲ್ಲದೆ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವು ಬ್ಯಾಟರಿಯ ಧನಾಗ್ರವನ್ನು ವಾಹನದ ಒಡಲಿಗೆ ಜೋಡಿಸಿಕೊಂಡಿವೆ. ಅದನ್ನರಿಯದೆ ಹೊಸ ಸಾಧನವನ್ನು ಜೋಡಿಸಿದರೆ ಎರಡಕ್ಕೂ ಹಾನಿ ತಪ್ಪದು.

ಇಷ್ಟೆಲ್ಲ ಎಚ್ಚರಿಕೆಗಿಂತ ಹೊಸ ಯಂತ್ರವನ್ನೇ ಕೂರಿಸುವುದು ಸುಲಭವಲ್ಲವೆ ಎಂದು ಕೆಲವರು ಕೇಳಬಹುದು. ಹಿಂದೆ ಅನೇಕರು ಹಾಗೆಯೇ ಮಾಡಿದರು. ಹೊಸ ಯಂತ್ರದ ಅಳತೆಗೆ ಹಳೆಯ ಫಲಕ ಹೊಂದದಿದ್ದಾಗ ಗರಗಸದಿಂದ ಕೊಯ್ದರು. ಬಾಗಿಲುಗಳಿಗೆ ರಂಧ್ರ ಕೊರೆದು ಧ್ವನಿವರ್ಧಕಗಳನ್ನು ಬಿಗಿದರು. ಕೆಲವು ವರ್ಷಗಳಲ್ಲಿ ಆ ಹೊಸ ಯಂತ್ರವೂ ಹಳತಾಯಿತು, ಮೂಲೆ ಸೇರಿತು. ಕೊಯ್ದ ಗಾಯ ಮಾತ್ರ ಉಳಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಆದುದರಿಂದಲೇ ಪ್ರಾಚೀನ ವಸ್ತುಗಳನ್ನು ಕಾಪಾಡುವ ತಜ್ಞರು ಒಂದು ನಿಯಮವನ್ನು ಪಾಲಿಸುತ್ತಾರೆ: ಇಂದು ಮಾಡಿದ ಮಾರ್ಪಾಡನ್ನು ಮೂಲಕ್ಕೆ ಕೇಡಾಗದಂತೆ ನಾಳೆ ತೆಗೆಯಲು ಸಾಧ್ಯವಾಗಬೇಕು.

ಹಳೆಯ ಧ್ವನಿವರ್ಧಕದಿಂದ ಇಂದಿನ ಯಂತ್ರದ ಸೂಕ್ಷ್ಮ ನಾದವನ್ನು ನಿರೀಕ್ಷಿಸಲಾಗದು. ಅದರ ಕಾಗದದ ಶಂಕುವು ಅತಿ ತಾರ ಸ್ವರಗಳನ್ನೂ ಅತಿ ಮಂದ್ರ ಸ್ವರಗಳನ್ನೂ ಪೂರ್ಣವಾಗಿ ನುಡಿಸಲಾರದು. ಆದರೂ ಮನೆಯ ಹಿರಿಯರು ಕೇಳುತ್ತಿದ್ದ ಕಂಠದಲ್ಲಿಯೇ ಕಿರಿಯರು ತಮ್ಮ ಹಾಡನ್ನು ಕೇಳುವುದರಲ್ಲಿ ಒಂದು ತೃಪ್ತಿಯಿದೆ. ಮನೆಗೆ ಬಂದ ಅತಿಥಿಯು ಗೋಡೆಯನ್ನು ಕೆಡವಿ ಒಳಗೆ ಬರುವುದಿಲ್ಲ. ಇರುವ ಬಾಗಿಲಿನಲ್ಲಿ ತುಸು ತಲೆಬಾಗಿ ಬರುತ್ತಾನೆ. ಹೊಸದು ಹಳೆಯದರೊಡನೆ ನಡೆದುಕೊಳ್ಳಬೇಕಾದ ರೀತಿಯೂ ಅದೇ.