ಬರಹದ ಚರ್ಚೆಯಲ್ಲಿ ಉದ್ದ, ಕಾಗುಣಿತ, ಮರ್ಯಾದೆ: 9ನೇ ತರಗತಿಯ ಒಂದು ವಿಜ್ಞಾನ ಪಾಠದ ಅನುಭವ

ಪೀಠಿಕೆ

ಬಾಯಿಮಾತಿನ ಚರ್ಚೆಯನ್ನು ತರಗತಿಯಲ್ಲಿ ನಡೆಸುವ ಕ್ರಮವನ್ನು ಬೋಧನಾ ವಿಧಾನದ ಪಾಠಗಳಲ್ಲಿ ನಾವೆಲ್ಲ ಕಲಿಯುತ್ತೇವೆ. ಬರಹದಲ್ಲಿ ನಡೆಯುವ ಚರ್ಚೆಯ ಬಗ್ಗೆ ಅಷ್ಟಾಗಿ ಕಲಿಯುವುದಿಲ್ಲ. ಆದರೆ ಈಗಿನ ಮಕ್ಕಳು ಮುಂದೆ ಕೇಳುವ ಪ್ರಶ್ನೆ, ಮಾಡುವ ವಾದ, ಕೊಡುವ ಉತ್ತರಗಳಲ್ಲಿ ದೊಡ್ಡ ಪಾಲು ಬರಹದಲ್ಲೇ ಇರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗು ಬೆಳೆಗಾರರ ಮನೆಗಳಲ್ಲಿ ಕೊಬ್ಬರಿ ಧಾರಣೆಯೂ ಗರಿ ಒಣಗಿದ ಮರದ ಫೋಟೋವೂ ಮೊಬೈಲಿನಲ್ಲೇ ಓಡಾಡುತ್ತವೆ. ಅದಕ್ಕೆ ಬರುವ ಉತ್ತರ ಅರ್ಥವಾಗದಿದ್ದರೆ ಅಥವಾ ಮನಸ್ಸಿಗೆ ನೋವು ಮಾಡಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಬೋಧನಾಭ್ಯಾಸದ ಅವಧಿಯಲ್ಲಿ ತುರುವೇಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ 9ನೇ ತರಗತಿಗೆ ಬೆಳೆ ಸಂರಕ್ಷಣೆಯ ಪಾಠ ಮಾಡುವಾಗ ಎರಡು ವಾರ 'ಕಾಗದದ ಚರ್ಚೆ' ನಡೆಸಿದೆ. ಉದ್ದ, ಕಾಗುಣಿತ, ಮರ್ಯಾದೆ ಎಂಬ ಮೂರು ವಿಷಯಗಳಲ್ಲಿ ಅಲ್ಲಿ ಕಂಡದ್ದನ್ನೂ ಅದರಿಂದ ರೂಪಿಸಿಕೊಂಡ ನಿಯಮಗಳನ್ನೂ ಇಲ್ಲಿ ಬರೆದಿದ್ದೇನೆ.

ಚಟುವಟಿಕೆಯ ವಿಧಾನ

ಒಂದು ಡ್ರಾಯಿಂಗ್ ಹಾಳೆಯ ಮೇಲ್ತುದಿಯಲ್ಲಿ ಪ್ರಶ್ನೆ ಬರೆದು ಗುಂಪಿನಿಂದ ಗುಂಪಿಗೆ ಕಳುಹಿಸುವುದು ವಿಧಾನ. ಹಾಳೆ ಕೈಗೆ ಬಂದವರು ಮೊದಲು ಬರೆದಿರುವುದನ್ನೆಲ್ಲ ಓದಬೇಕು. ಆಮೇಲೆ ತಮ್ಮ ಮಾತಿಗೆ ಒಂದು ಸಂಖ್ಯೆ ಹಾಕಿ, ಬರೆದು, ಹೆಸರು ಹಾಕಬೇಕು. ಯಾರ ಮಾತಿಗೆ ಉತ್ತರಿಸುತ್ತಿದ್ದಾರೋ ಆ ಸಂಖ್ಯೆಯನ್ನು ನಮೂದಿಸಬೇಕು. ಹಾಳೆ ಸುತ್ತುವಾಗ ಬಾಯಿಮಾತಿಲ್ಲ.

ಪ್ರಶ್ನೆ ಹೀಗಿತ್ತು: 'ತೆಂಗಿನ ಕಪ್ಪು ತಲೆ ಹುಳುವಿಗೆ ರಾಸಾಯನಿಕ ಔಷಧಿ ಬೇಕೇ, ಪರೋಪಜೀವಿ ಕೀಟ ಸಾಕೇ?' ಈ ಹುಳು ಗರಿಯ ತಳಭಾಗದಲ್ಲಿ ನೂಲು ಮತ್ತು ಹಿಕ್ಕೆಯಿಂದ ಗೂಡು ಮಾಡಿಕೊಂಡು ಹಸಿರು ಭಾಗವನ್ನು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ಗರಿ ಸುಟ್ಟಂತೆ ಕಾಣುತ್ತದೆ. ಇದರ ಹತೋಟಿಗೆ ಗೋನಿಯೋಜಸ್ ಎಂಬ ಸಣ್ಣ ಪರೋಪಜೀವಿ ಕಣಜವನ್ನು ತೋಟಕ್ಕೆ ಬಿಡುತ್ತಾರೆ. ಮಕ್ಕಳಲ್ಲಿ ಹೆಚ್ಚಿನವರಿಗೆ ತೋಟದ ಪರಿಚಯವಿದ್ದುದರಿಂದ ಎಲ್ಲರಿಗೂ ಹೇಳಲು ಏನಾದರೂ ಇದ್ದೇ ಇರುತ್ತದೆ ಎಂಬುದು ಪ್ರಶ್ನೆಯ ಆಯ್ಕೆಗೆ ಕಾರಣ. ಮಕ್ಕಳು ಸಹಜವಾಗಿ ಹೇಗೆ ಬರೆಯುತ್ತಾರೆಂದು ತಿಳಿಯಲು ಮೊದಲ ಸುತ್ತಿಗೆ ಬೇರೆ ಯಾವ ನಿಯಮವನ್ನೂ ಹಾಕಲಿಲ್ಲ.

ಉದ್ದ

ಮೊದಲ ಸುತ್ತಿನ ಹಾಳೆಯಲ್ಲಿ ಎರಡು ಬಗೆಯ ಬರಹ ಕಂಡಿತು. ಅಕ್ಷರ ಚೆನ್ನಾಗಿರುವ ಮೂರು ನಾಲ್ಕು ಮಕ್ಕಳು ಪಠ್ಯಪುಸ್ತಕದ ವಾಕ್ಯಗಳನ್ನು ನೆನಪಿನಿಂದ ಇಳಿಸಿ ಹಾಳೆಯ ಅರ್ಧ ತುಂಬಿಸಿದ್ದರು. ಉಳಿದವರು 'ಹೌದು', 'ಸರಿ', 'ಔಷಧಿ ಬೇಕು' ಎಂದು ಬರೆದು ಮುಗಿಸಿದ್ದರು. ಎರಡರಿಂದಲೂ ಚರ್ಚೆ ಮುಂದೆ ಹೋಗಲಿಲ್ಲ. ಉದ್ದದ ಬರಹದಲ್ಲಿ ಯಾವ ಮಾತಿಗೆ ಉತ್ತರ ಕೊಡಬೇಕೆಂದು ತಿಳಿಯುವುದಿಲ್ಲ. ಒಂದೇ ಪದದ ಬರಹದಲ್ಲಿ ಉತ್ತರ ಕೊಡಲು ಏನೂ ಇರುವುದಿಲ್ಲ.

ಎರಡನೇ ಸುತ್ತಿಗೆ ಹಾಳೆಯ ಬದಲು ಅಂಚೆ ಕಾರ್ಡಿನ ಅಳತೆಯ ಚೀಟಿ ಕೊಟ್ಟೆ. ಒಂದು ಕಾರ್ಡಿನಲ್ಲಿ ಊರಿನ ಸಮಾಚಾರವನ್ನೆಲ್ಲ ಅಡಕವಾಗಿ ತಿಳಿಸುವ ರೂಢಿ ನಮ್ಮ ಅಜ್ಜ ಅಜ್ಜಿಯರ ಕಾಲದ್ದು. ಚೀಟಿಯಲ್ಲಿ ಮೂರು ಸಂಗತಿ ಇರಬೇಕೆಂದು ಹೇಳಿದೆ: ಒಂದು ಅಭಿಪ್ರಾಯ, ಅದಕ್ಕೆ ಒಂದು ಕಾರಣ, ಕಣ್ಣಾರೆ ಕಂಡ ಅಥವಾ ಓದಿದ ಒಂದು ಆಧಾರ. ಇದರಿಂದ ಉದ್ದ ಬರೆಯುವವರು ಆರಿಸಿಕೊಳ್ಳಬೇಕಾಯಿತು, 'ಹೌದು' ಎಂದು ಬರೆಯುವವರು ಇನ್ನೆರಡು ವಾಕ್ಯ ಸೇರಿಸಬೇಕಾಯಿತು.

ಈ ಮಿತಿಗೆ ಒಂದು ವಿನಾಯಿತಿ ಬೇಕಾಯಿತು. ತಮ್ಮ ತೋಟಕ್ಕೆ ಪರೋಪಜೀವಿ ಬಿಟ್ಟ ರೀತಿಯನ್ನು ಹಂತ ಹಂತವಾಗಿ ಹೇಳಲು ಒಬ್ಬ ಹುಡುಗಿಗೆ ಎರಡು ಚೀಟಿ ಬೇಕಾದವು. ಅವಳ ಬರಹದಲ್ಲಿ ಒಂದು ಪದವೂ ವ್ಯರ್ಥವಾಗಿರಲಿಲ್ಲ. ಆದ್ದರಿಂದ ಅಭಿಪ್ರಾಯಕ್ಕೆ ಒಂದೇ ಚೀಟಿ, ವೀಕ್ಷಣೆಗೆ ಬೇಕಾದಷ್ಟು ಎಂದು ನಿಯಮವನ್ನು ತಿದ್ದಿಕೊಂಡೆವು.

ಉದ್ದದ ಮಿತಿ ಭಾಷೆಯ ಮೇಲೂ ಪರಿಣಾಮ ಮಾಡುತ್ತದೆ ಎಂಬುದಕ್ಕೆ ಮೊಬೈಲ್ ಸಂದೇಶದ ಲೆಕ್ಕವನ್ನು ಮಕ್ಕಳ ಮುಂದೆ ಇಟ್ಟೆ. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತವೆ. ಕನ್ನಡದಲ್ಲಾದರೆ 70 ಸಂಕೇತ ಮಾತ್ರ. ಕನ್ನಡದ ಸ್ವರಚಿಹ್ನೆ, ಒತ್ತಕ್ಷರಗಳಿಗೆ ಬೇರೆ ಬೇರೆ ಸಂಕೇತ ಬೇಕು. 'ಚಿಕ್ಕನಾಯಕನಹಳ್ಳಿ' ನಮ್ಮ ಕಣ್ಣಿಗೆ 8 ಅಕ್ಷರ, ಯಂತ್ರಕ್ಕೆ 15 ಸಂಕೇತ. ಇಂಗ್ಲಿಷ್ ಲಿಪಿಯಲ್ಲಿ ಅದೇ ಹೆಸರಿಗೆ 19 ಅಕ್ಷರ. 70ರಲ್ಲಿ 15 ಐದನೇ ಒಂದು ಭಾಗಕ್ಕಿಂತ ಹೆಚ್ಚು. 160ರಲ್ಲಿ 19 ಎಂಟನೇ ಒಂದು ಭಾಗಕ್ಕಿಂತ ಕಡಿಮೆ. ಕನ್ನಡ ಲಿಪಿ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಸೇರಿದ್ದರೂ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಭ್ಯಾಸಕ್ಕೆ ಬಿದ್ದುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಕಾಗುಣಿತ

ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 'ಬೆಲೆ', 'ಬೆಳೆ' ಎರಡೂ ಒಂದೇ ಆಗುತ್ತವೆ. 'ಈ ಸಲ ಬೆಲೆ ಬಿದ್ದುಹೋಯಿತು' ಎಂದರೆ ಮಾರುಕಟ್ಟೆಯ ಸುದ್ದಿ; 'ಬೆಳೆ ಬಿದ್ದುಹೋಯಿತು' ಎಂದರೆ ತೋಟದ ಸುದ್ದಿ. 'ಸುಳಿ ಕೊಳೆ ರೋಗ' ಎಂದು ಬರೆಯಬೇಕಾದಲ್ಲಿ ಒಂದು ಚೀಟಿಯಲ್ಲಿ 'ಸುಳಿ ಕೊಲೆ ರೋಗ' ಎಂದು ಬಂದಿತ್ತು. ಇನ್ನೊಂದರಲ್ಲಿ 'ಹುಳು' ಬದಲು 'ಉಳು' ಇತ್ತು. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರ ಉದುರುವುದು ಎಲ್ಲರಿಗೂ ಗೊತ್ತು. ಮಕ್ಕಳು ಕಿವಿಗೆ ಕೇಳಿದಂತೆ ಬರೆಯುತ್ತಾರೆ. ಅದನ್ನು ತಿದ್ದಿಸಿಕೊಂಡ ಕೆಲವರು ಹೆದರಿ 'ಅಂಗಡಿ'ಯನ್ನು 'ಹಂಗಡಿ' ಮಾಡುವುದೂ ಉಂಟು.

ಕಾಗುಣಿತದ ವಿಷಯದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಬ್ಬ ಹುಡುಗನ ಬರಹ. ತಂದೆಯ ಜೊತೆ ದಿನವೂ ತೋಟಕ್ಕೆ ಹೋಗುವ ಅವನಿಗೆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಷಯ ಗೊತ್ತಿತ್ತು. ಮೊದಲ ಸುತ್ತಿನಲ್ಲಿ ಅವನು ಬರೆದದ್ದು 'ಸರಿ' ಎಂಬ ಒಂದೇ ಪದ. ವಿರಾಮದಲ್ಲಿ ಕೇಳಿದಾಗ 'ತೆಪ್ಪಾಗ್ತವೆ ಸಾ, ಎಲ್ರೂ ಓದ್ತಾರೆ' ಎಂದ. ನೋಟ್‌ಪುಸ್ತಕದ ತಪ್ಪನ್ನು ಮೇಷ್ಟರೊಬ್ಬರೇ ನೋಡುತ್ತಾರೆ. ಚರ್ಚೆಯ ಹಾಳೆಯ ತಪ್ಪನ್ನು ಇಡೀ ತರಗತಿ ನೋಡುತ್ತದೆ. ಹೀಗಾಗಿ ಕಾಗುಣಿತದ ಭಯ ಬರಹದ ಚರ್ಚೆಯಲ್ಲಿ ಇನ್ನೂ ಹೆಚ್ಚು.

ಆದ್ದರಿಂದ ತಪ್ಪುಗಳನ್ನು ಮೂರು ಗುಂಪು ಮಾಡಿಕೊಂಡೆ.

1. ಆಡುಮಾತಿನ ರೂಪಗಳು. 'ಐತೆ', 'ಬರ್ತದೆ' ಇವು ಕಾಗುಣಿತದ ತಪ್ಪುಗಳಲ್ಲ. ಚರ್ಚೆಯ ಚೀಟಿಯಲ್ಲಿ ಇವನ್ನು ಮುಟ್ಟಲಿಲ್ಲ.

2. ಅರ್ಥ ಕೆಡಿಸುವ ತಪ್ಪುಗಳು. ಬೆಲೆ-ಬೆಳೆ, ಕೊಲೆ-ಕೊಳೆ, ಉಳು-ಹುಳು. ಇವನ್ನು ತಿದ್ದುವ ಬದಲು ಓದುಗರು ಪ್ರಶ್ನೆ ಕೇಳಬೇಕು: 'ನೀನು ಹೇಳಿದ್ದು ಬೆಲೆಯೋ, ಬೆಳೆಯೋ?' ಬರೆದವರೇ ಸರಿಮಾಡಿಕೊಳ್ಳುತ್ತಾರೆ.

3. ಅರ್ಥ ಕೆಡದ ತಪ್ಪುಗಳು. ಅಲ್ಪಪ್ರಾಣ-ಮಹಾಪ್ರಾಣ, ಶ-ಷ, ದೀರ್ಘದ ತಪ್ಪುಗಳಲ್ಲಿ ಹೆಚ್ಚಿನವು. ಇವನ್ನು ಚರ್ಚೆ ಮುಗಿದ ಮೇಲೆ ಹೆಸರಿಲ್ಲದೆ ಕಪ್ಪುಹಲಗೆಯ ಮೇಲೆ ಪಟ್ಟಿ ಮಾಡಿ ಎಲ್ಲರೂ ಸೇರಿ ತಿದ್ದಿದೆವು.

ಈ ಕ್ರಮಕ್ಕೆ ನಮ್ಮ ಮಾರ್ಗದರ್ಶಕ ಅಧ್ಯಾಪಕರು ಒಂದು ಆಕ್ಷೇಪ ಎತ್ತಿದರು. ತಪ್ಪನ್ನು ತಿದ್ದದೆ ಬಿಟ್ಟರೆ ಮುಂದಿನ ಓದುಗ ಅದನ್ನೇ ಸರಿಯೆಂದು ಕಲಿಯುತ್ತಾನಲ್ಲವೇ? ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿ ಚೀಟಿಗಳನ್ನು ಕರಡು ಎಂದು ಕರೆದು, ತಿದ್ದಿದ ಮೇಲೆ ಶುದ್ಧಪ್ರತಿ ಮಾಡಿ ಗೋಡೆಗೆ ಅಂಟಿಸಿದೆವು. ಶುದ್ಧಪ್ರತಿಯಲ್ಲಿ 'ಐತೆ' ಕೂಡ 'ಇದೆ' ಆಯಿತು. ಮಕ್ಕಳು ಮತ್ತೆ ಮತ್ತೆ ಓದುವುದು ಗೋಡೆಯ ಪ್ರತಿಯನ್ನು.

ಎರಡನೇ ವಾರ ಆ ಹುಡುಗ ಏಳು ಸಾಲು ಬರೆದ. ಅದಕ್ಕೆ ಮುಂಚೆ ಇನ್ನೊಬ್ಬರು 'ನಮ್ಮ ತೋಟದ ಗರಿ ಒಣಗಿರುವುದು ನೀರು ಕಡಿಮೆಯಾಗಿ' ಎಂದು ಬರೆದಿದ್ದರು. ಮೂವರು ಅದನ್ನು ಒಪ್ಪಿದ್ದರು. ಅವನ ಚೀಟಿಯಲ್ಲಿದ್ದುದು ಇದು: 'ಗರಿ ತಿರುಗ್ಸಿ ನೋಡು. ಅಡೀಲಿ ಬಲೆ ತರ ಇದ್ರೆ ಉಳು ಐತೆ. ಬಲೆ ಇಲ್ದಿದ್ರೆ ನೀರಿಂದು.' ಒಬ್ಬಳು 'ಉಳು ಅಂದರೆ ಹುಳುವೇ?' ಎಂದು ಕೇಳಿದಳು, ಅವನು ಸರಿಮಾಡಿದ. ಮರುದಿನ ಇಬ್ಬರು ಗರಿಯ ತುಂಡು ತಂದು ತಿರುಗಿಸಿ ನೋಡಿದರು. ರೋಗ ಪತ್ತೆ ತಪ್ಪಾದರೆ ಹುಳು ಇರುವ ತೋಟಕ್ಕೆ ಬರೀ ನೀರು ಕಟ್ಟಿಕೊಂಡು ಕೂರಬೇಕಾಗುತ್ತದೆ. ಆ ಏಳು ಸಾಲಿನ ಬೆಲೆ ಅಷ್ಟಿತ್ತು.

'ನಮ್ಮ ಕಡೆ ಕನ್ನಡ ಅಷ್ಟಕ್ಕಷ್ಟೆ' ಎಂಬ ಕೀಳರಿಮೆಯೂ ಮಕ್ಕಳಲ್ಲಿದೆ. ಬಿ.ಎಂ.ಶ್ರೀ. ಹುಟ್ಟಿದ್ದು ಇದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ; 'ಕನ್ನಡ ಮಧ್ಯಮ ವ್ಯಾಕರಣ' ಬರೆದ ತೀ.ನಂ.ಶ್ರೀ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಇದನ್ನು ಹೇಳಿದಾಗ ಮಕ್ಕಳಿಗೆ ಆಶ್ಚರ್ಯವಾಯಿತು. ಅಕ್ಷರದ ಗೊಂದಲವೂ ಹೊಸದಲ್ಲ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಳಕಾರದ ಭೇದಗಳನ್ನು ವಿವರಿಸಿ, ೞ ಬರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಎಲ್ಲರಿಗೂ ತಾನಾಗಿಯೇ ತಿಳಿದಿದ್ದರೆ ಪಟ್ಟಿ ಬೇಕಾಗುತ್ತಿರಲಿಲ್ಲ.

ಮರ್ಯಾದೆ

ನಮ್ಮ ಕಡೆ ಎದುರಿಗೆ ಕೂತು ಮಾತಾಡುವಾಗ 'ಅಂಗಲ್ಲ ಕಣಣ್ಣ', 'ಅಂಗಲ್ಲ ಕಣಮ್ಮ' ಎನ್ನುತ್ತೇವೆ. ಮಾತು ಭಿನ್ನವಾದರೂ ದನಿ, ಮುಖ, ಆ ಅಣ್ಣ-ಅಮ್ಮ ಸೇರಿ ಸಂಬಂಧವನ್ನು ಕಾಪಾಡುತ್ತವೆ. ಬರಹದಲ್ಲಿ ದನಿ ಇಲ್ಲ. 'ತಪ್ಪು' ಎಂದು ಬರೆದರೆ ಬರೀ 'ತಪ್ಪು' ಎಂದೇ ಕಾಣುತ್ತದೆ.

ಅಕ್ಕಪಕ್ಕದ ತೋಟದವರಾದ ಇಬ್ಬರು ಹುಡುಗಿಯರ ಚೀಟಿಗಳಲ್ಲಿ ಇದು ಕಂಡಿತು. ಒಬ್ಬಳು 'ನಿಮ್ಮ ತೋಟದಿಂದಲೇ ನಮಗೆ ಹುಳ ಬಂದದ್ದು' ಎಂದು ಬರೆದಳು. ಇನ್ನೊಬ್ಬಳು 'ನಿಮ್ಮಪ್ಪ ಔಷಧಿ ಹೊಡೆಸಿದ್ದಕ್ಕೆ ನಾವು ಬಿಟ್ಟ ಪರೋಪಜೀವಿ ಸತ್ತವು' ಎಂದು ಉತ್ತರಿಸಿ ಕೆಳಗೆ ಕೆಂಪು ಗೆರೆ ಎಳೆದಳು. ಆಮೇಲೆ ಇಬ್ಬರೂ ಬರೆಯುವುದನ್ನು ನಿಲ್ಲಿಸಿದರು. ಎರಡೂ ಚೀಟಿಯಲ್ಲಿ ಒಳ್ಳೆಯ ವಿಜ್ಞಾನವಿತ್ತು. ಕೀಟ ಬೇಲಿ ನೋಡುವುದಿಲ್ಲ. ಸಿಂಪಡಿಸಿದ ಕೀಟನಾಶಕ ಪರೋಪಜೀವಿಯನ್ನೂ ಕೊಲ್ಲಬಲ್ಲದು. ಆದರೆ ಆ ಮಾತುಗಳು ಆಪಾದನೆಯ ರೂಪದಲ್ಲಿದ್ದವು.

ಆ ಚೀಟಿಗಳನ್ನು ಹರಿಯದೆ, ಬೈಯದೆ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದು ಕೆಲಸ ಕೊಟ್ಟೆ: ಎರಡು ಚೀಟಿಯಲ್ಲಿರುವ ಸಂಗತಿಯನ್ನು ಯಾರ ಹೆಸರೂ, 'ನಿಮ್ಮ' ಎಂಬ ಪದವೂ ಇಲ್ಲದೆ ಪ್ರಶ್ನೆಯಾಗಿ ಬರೆಯಿರಿ. ಅವರು ಬರೆದದ್ದು: 'ಒಂದು ತೋಟಕ್ಕೆ ಪರೋಪಜೀವಿ ಬಿಟ್ಟು ಪಕ್ಕದ ತೋಟಕ್ಕೆ ಔಷಧಿ ಹೊಡೆದರೆ ಎರಡರಿಂದಲೂ ಪ್ರಯೋಜನ ಆಗುತ್ತದೆಯೇ?' ಎರಡು ವಾರದಲ್ಲಿ ಬಂದ ಪ್ರಶ್ನೆಗಳಲ್ಲಿ ಇದೇ ಅತ್ಯುತ್ತಮವಾದುದು. ಊರಿನ ತೋಟಗಳೆಲ್ಲ ಒಟ್ಟಾಗಿ ಹತೋಟಿ ಮಾಡಬೇಕೆಂಬ ತೀರ್ಮಾನಕ್ಕೆ ತರಗತಿ ಬಂದದ್ದು ಇದರಿಂದಲೇ. ಹುಡುಗಿಯರಿಬ್ಬರೂ ಮೊದಲಿನಂತೆ ಮಾತಾಡುತ್ತಾರೋ ಇಲ್ಲವೋ ಹೇಳಲಾರೆ. ಚೀಟಿ ಬರೆಯುವುದನ್ನಂತೂ ಮತ್ತೆ ಶುರುಮಾಡಿದರು.

ಮರ್ಯಾದೆಯ ನಿಯಮಗಳನ್ನು ಮಕ್ಕಳೇ ಸೇರಿ ಬರೆದರು. ಮನೆಯವರ ವಿಷಯ ತರಬಾರದು. ಇನ್ನೊಬ್ಬರ ಬರಹದ ಮೇಲೆ ಗೀಚಬಾರದು. ಕೆಂಪು ಶಾಯಿ ಬೇಡ, ಆಶ್ಚರ್ಯಸೂಚಕಗಳ ಸಾಲು ಬೇಡ. ಒಪ್ಪುವ ಅಂಶವಿದ್ದರೆ ಅದನ್ನು ಮೊದಲು ಬರೆದು, ಒಪ್ಪದ್ದನ್ನು ಆಮೇಲೆ ಬರೆಯಬೇಕು. ಗೆಳೆಯರಿಗೆ 'ನೀನು' ಸಾಕು. ದೊಡ್ಡವರ ಮಾತನ್ನು ಉಲ್ಲೇಖಿಸುವಾಗ 'ಅವರು' ಎನ್ನಬೇಕು.

ಕೊನೆಯ ಕೆಲಸವಾಗಿ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಪರೋಪಜೀವಿಗಳ ಬಗ್ಗೆ ಮಾಹಿತಿ ಕೇಳಿ ಒಂದು ಅಂಚೆ ಕಾರ್ಡು ಬರೆದೆವು. 'ನೀವು' ಸಾಕೇ, 'ತಾವು' ಬೇಕೇ ಎಂಬ ಚರ್ಚೆಯೇ ಹತ್ತು ನಿಮಿಷ ನಡೆಯಿತು. ಕಾರ್ಡಿನ ಜಾಗದಲ್ಲಿ ಊರು, ಕೀಟದ ಹೆಸರು, ಪ್ರಶ್ನೆ, ಶಾಲೆಯ ವಿಳಾಸ ಇಷ್ಟೂ ಹಿಡಿಯಬೇಕಾದ್ದರಿಂದ ಮೂರು ಸಲ ಕರಡು ಮಾಡಿದರು.

ಮೌಲ್ಯಮಾಪನ ಮತ್ತು ಸೂಚನೆಗಳು

ರೂಪಣಾತ್ಮಕ ಮೌಲ್ಯಮಾಪನಕ್ಕೆ ನಾಲ್ಕು ಮಾನಕ ಇಟ್ಟುಕೊಂಡೆ: ಕಾರಣ ಕೊಟ್ಟಿದ್ದಾರೆಯೇ, ಆಧಾರ ಕೊಟ್ಟಿದ್ದಾರೆಯೇ, ಹಿಂದಿನ ಮಾತಿಗೆ ಉತ್ತರಿಸಿದ್ದಾರೆಯೇ, ಶುದ್ಧಪ್ರತಿಯಲ್ಲಿ ತಿದ್ದಿಕೊಂಡಿದ್ದಾರೆಯೇ. ಕರಡಿನ ಕಾಗುಣಿತಕ್ಕೆ ಅಂಕ ಕಡಿತವಿಲ್ಲ.

ಈ ಚಟುವಟಿಕೆ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು:

– ಮಕ್ಕಳಿಗೆ ಸ್ವಂತ ಅನುಭವ ಇರುವ ಪ್ರಶ್ನೆಯನ್ನೇ ಆರಿಸಿ. ಬರೀ ಪಠ್ಯದ ಪ್ರಶ್ನೆಗೆ ಬರೀ ಪಠ್ಯದ ಉತ್ತರ ಬರುತ್ತದೆ.
– 40 ನಿಮಿಷದ ಒಂದು ಅವಧಿ ಸಾಲದು. ಚರ್ಚೆಗೆ ಒಂದು, ತಿದ್ದುವುದಕ್ಕೆ ಒಂದು ಅವಧಿ ಪಾಠಯೋಜನೆಯಲ್ಲೇ ಇಡಿ.
– ತಪ್ಪುಗಳ ಪಟ್ಟಿಯನ್ನು ಕನ್ನಡ ಅಧ್ಯಾಪಕರಿಗೆ ಕೊಡಿ. ನಮ್ಮ ಶಾಲೆಯಲ್ಲಿ ಅವರು ಅದನ್ನು ಉಕ್ತಲೇಖನಕ್ಕೆ ಬಳಸಿದರು.
– ಒಂದೇ ಪದ ಬರೆಯುವ ಮಗುವಿಗೆ ವಿಷಯ ತಿಳಿದಿಲ್ಲ ಎಂದು ತೀರ್ಮಾನಿಸುವ ಮೊದಲು ಬಾಯಿಮಾತಿನಲ್ಲಿ ಕೇಳಿ ನೋಡಿ.

ಎರಡು ವಾರದಲ್ಲಿ ಕಾಗುಣಿತ ಸುಧಾರಿಸಿತು ಎಂದು ಹೇಳುವಂತಿಲ್ಲ. ಅದಕ್ಕೆ ವರ್ಷವಿಡೀ ಕೆಲಸ ಬೇಕು. ಆದರೆ ಬೆಲೆಯೋ ಬೆಳೆಯೋ ಎಂದು ಒಬ್ಬರನ್ನೊಬ್ಬರು ಕೇಳುವುದನ್ನು ಮಕ್ಕಳು ಕಲಿತರು. ಮುಂದಿನ ಸುತ್ತಿನ ಬೋಧನಾಭ್ಯಾಸದಲ್ಲಿ ಇದನ್ನೇ 8ನೇ ತರಗತಿಗೆ ಬೇರೆ ಪ್ರಶ್ನೆಯೊಂದಿಗೆ ನಡೆಸಬೇಕೆಂದಿದ್ದೇನೆ. ಓದಿದವರು ತಮ್ಮ ಶಾಲೆಗಳಲ್ಲಿ ಮಾಡಿ ನೋಡಿ ಫಲಿತಾಂಶ ತಿಳಿಸಿದರೆ ಹೋಲಿಸಿ ನೋಡಲು ಅನುಕೂಲವಾಗುತ್ತದೆ.